ನೇರಳೆ ಸುಗ್ಗಿ: ಶುಗರ್ ಇದ್ದವರಿಗೆ ಆರು ಸೂತ್ರ

ಮಾವಿನ ಭರಾಟೆ ಇಳಿಯುವ ಹೊತ್ತಿಗೆ ತಳ್ಳುಗಾಡಿಗಳಲ್ಲಿ ನೇರಳೆ ರಾಶಿ ಏರುತ್ತದೆ. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನ ಆಂಜನೇಯ ಗುಡ್ಡದ ಸುತ್ತ ಬೆಳಗಿನ ವಾಕಿಂಗ್ ಮಾಡುವವರಿಗೆ ಆಗ ಪುಕ್ಕಟೆ ಸಲಹೆಯೊಂದು ಖಾಯಂ: “ನೇರಳೆ ತಿನ್ನಿ ಸಾರ್, ಶುಗರ್ ಇಳಿಯುತ್ತೆ.” ತಿನ್ನಿ, ಆದರೆ ಲೆಕ್ಕ ಇಟ್ಟು.

1. ಹಣ್ಣನ್ನು ಹಣ್ಣೆಂದೇ ತಿನ್ನಿ. ನೂರು ಗ್ರಾಂ ನೇರಳೆಯಲ್ಲಿ ಸುಮಾರು 14 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಹೆಚ್ಚುಕಡಿಮೆ ಸೇಬಿನಷ್ಟೇ. ಬಾಯಿಗೆ ಒಗರೆಂದು ಸಕ್ಕರೆ ಇಲ್ಲವೆಂದುಕೊಳ್ಳಬೇಡಿ.

2. ಒಂದು ಹಿಡಿ ಸಾಕು, ಅದೂ ಬೇರೊಂದರ ಬದಲಿಗೆ. ಸಂಜೆಯ ಬಿಸ್ಕತ್ತು ಬಿಟ್ಟು ನೇರಳೆ ತಿಂದರೆ ಲಾಭ. ಮುದ್ದೆ, ಅನ್ನ ಎರಡನ್ನೂ ಹೊಟ್ಟೆ ತುಂಬ ಉಂಡು, ಮೇಲೆ ಕಾಲು ಕೆಜಿ ಖಾಲಿ ಮಾಡಿದರೆ ಯಾವ ಲಾಭ?

3. ಬೀಜದ ಪುಡಿ ನಂಬಿ ಮಾತ್ರೆ ಬಿಡಬೇಡಿ. ಗ್ರಂಥಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಈ ಪುಡಿಯ ಖ್ಯಾತಿಗೆ ಆಧಾರವಾದ ಪ್ರಯೋಗಗಳು ಹೆಚ್ಚಾಗಿ ಇಲಿಗಳ ಮೇಲೆ ನಡೆದವು. ಬ್ರೆಜಿಲ್‌ನ ವೈದ್ಯರು ನೇರಳೆ ಎಲೆಯ ಕಷಾಯವನ್ನು ಮಧುಮೇಹಿಗಳಿಗೇ ಕುಡಿಸಿ, ಮಾತ್ರೆಯ ಜೊತೆ ಹೋಲಿಸಿ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆ ಸಕ್ಕರೆ ಇಳಿಸಿತು, ಕಷಾಯ ಇಳಿಸಲಿಲ್ಲ. ಎಲೆಯ ಫಲಿತಾಂಶ ಬೀಜಕ್ಕೆ ಹಾಗೇ ಅನ್ವಯಿಸದು, ನಿಜ. ಆದರೂ ಬೀಜದ ಪುಡಿ ತೆಗೆದುಕೊಳ್ಳುವುದೇ ಆದರೆ ಡಾಕ್ಟರಿಗೆ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆಯ ಮೇಲಿರುವವರಂತೂ ಮುಚ್ಚಿಡಲೇಬಾರದು. ಶುಗರ್ ತೀರಾ ಇಳಿದು ಕೈ ನಡುಗಿ, ಬೆವರಿ, ಶುಗರ್ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಆಗ ನೇರಳೆ ಹುಡುಕುತ್ತ ಕೂರಬೇಡಿ.

4. ಜ್ಯೂಸ್ ಬೇಡ. ಸೋಸಿದಾಗ ನಾರು ಹೋಗುತ್ತದೆ, ಬಾಟಲಿಗೆ ತುಂಬುವಾಗ ಎಷ್ಟೋ ಸಲ ಸಕ್ಕರೆ ಸೇರುತ್ತದೆ.

5. ಬ್ಲೂಬೆರಿ ಡಬ್ಬಿಗೆ ದುಡ್ಡು ಸುರಿಯಬೇಕಿಲ್ಲ. ಅದಕ್ಕೆ ಬಣ್ಣ ಕೊಡುವ ಆಂಥೋಸಯಾನಿನ್ ನಮ್ಮ ನೇರಳೆಯಲ್ಲೂ ಇದೆ. ಬಿಪಿ ಇದ್ದರೆ ಗಾಡಿಯವರು ಉದುರಿಸುವ ಉಪ್ಪು-ಖಾರ ಮಾತ್ರ ಬೇಡವೆನ್ನಿ.

6. ಪಕ್ಕದ ಮನೆಯವರನ್ನಲ್ಲ, ಮೀಟರನ್ನು ಕೇಳಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಿಂದ ಒಂದು ಹಣ್ಣಿನ ಗುಣ ತಿಳಿಯದು. ನೇರಳೆ ಸುಗ್ಗಿಯೇ ಅಷ್ಟು ದಿನ ಇರುವುದಿಲ್ಲ. ಒಂದು ದಿನ ಮಾಮೂಲಿ ಊಟ, ಮರುದಿನ ಅದೇ ಊಟದ ಜೊತೆ ಒಂದು ಹಿಡಿ ನೇರಳೆ. ಎರಡೂ ದಿನ ಊಟ ಶುರುವಾದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ. ಮೊದಲ ದಿನ ದಾಟದ 180ನ್ನು ಎರಡನೆಯ ದಿನ ದಾಟಿದರೆ, ಹಿಡಿಯನ್ನು ಅರ್ಧ ಮಾಡಿ ಇನ್ನೊಮ್ಮೆ ನೋಡಿ.