ಟವರ್ ಎದುರಿಗೇ ಇದೆ, ಒಳಗೆ ಅವಾಜ್ ಇಲ್ಲ

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಅವ್ವನನ್ನು ತೋರಿಸಲು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಗೇಟಿನಲ್ಲಿ ಫೋನಿಗೆ ಪೂರ್ತಿ ಕಡ್ಡಿ ಇದ್ದವು. ಸ್ಕ್ಯಾನಿಂಗ್ ಮಾಡುವ ಕೆಳಮಹಡಿಗೆ ಇಳಿದರೆ ಒಂದೂ ಇಲ್ಲ. ಟವರ್ ಅಲ್ಲೇ ಎದುರಿಗೆ ಕಾಣುತ್ತದೆ. ಅದರ ಪವರ್ ಹೆಚ್ಚಿಸಿದರೆ ಸಾಲದೇ? ದೊಡ್ಡ ಕಟ್ಟಡಗಳ ಒಳಗೆ ಸಣ್ಣ ಸಣ್ಣ ಆಂಟೆನಾ ಹಾಕುತ್ತಾರಂತೆ, ಅದು ಹೇಗೆ ಕೆಲಸ ಮಾಡುತ್ತದೆ? ಅಫಜಲಪುರದಲ್ಲಿರುವ ನಮ್ಮ ಅಕ್ಕನ ಮನೆಯಲ್ಲೂ ಇದೇ ತೊಂದರೆ. ಅಂಗಡಿಯಲ್ಲಿ ಸಿಗುವ ಬೂಸ್ಟರ್ ತಂದು ಹಾಕಬಹುದೇ?

ಉತ್ತರ: ಪವರ್ ಹೆಚ್ಚಿಸಿದರೆ ಸಾಲದು. ಫೋನಿನ ಮಾತು ಎರಡು ಕಡೆಯದು. ಟವರ್ ಮೇಲಿನ ಯಂತ್ರ 20 ರಿಂದ 40 ವಾಟ್ ಬಲದಲ್ಲಿ ಕೂಗುತ್ತದೆ. ನಿಮ್ಮ ಕೈಯಲ್ಲಿರುವ ಫೋನಿನ ಬಲ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವಾಟ್. ಟವರ್ ಇನ್ನೂ ಜೋರಾಗಿ ಕೂಗಿದರೆ ನಿಮಗೆ ಕಡ್ಡಿ ಹೆಚ್ಚು ಕಾಣಬಹುದು, ಆ ಕಡೆಯವರ ದನಿಯೂ ಬರಬಹುದು. ನೀವು ಆಡಿದ್ದು ಅದೇ ಗೋಡೆಗಳನ್ನು ದಾಟಿ ಟವರ್ ತನಕ ಮುಟ್ಟಬೇಕಲ್ಲ? ಮುಟ್ಟುವುದಿಲ್ಲ. ‘ಅವಾಜ್ ಕಟ್ ಆಗ್ಲತ್ತದ, ಹೊರಗ ಬಂದು ಮಾತಾಡ್ರಿ’ ಎಂದು ಆ ಕಡೆಯವರು ಹೇಳುತ್ತಿರುತ್ತಾರೆ, ನೀವು ಇಲ್ಲಿ ‘ಹಲೋ, ಹಲೋ’ ಎನ್ನುತ್ತಿರುತ್ತೀರಿ.

ಗೋಡೆ ಎಷ್ಟು ನುಂಗುತ್ತದೆ ಎಂಬುದನ್ನು ರೇಡಿಯೊ ಎಂಜಿನಿಯರುಗಳು ಡೆಸಿಬಲ್ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಕಡೆಯ ತೊಗರಿಯಲ್ಲೇ ಹೇಳುತ್ತೇನೆ. ಗೋಡೆಯ ಈಚೆ ಒಂದು ಕ್ವಿಂಟಲ್ ಹಾಕಿದರೆ ಆಚೆ 10 ಕಿಲೋ ಮಾತ್ರ ಬಂತು ಎಂದುಕೊಳ್ಳಿ, ಅದು 10 ಡೆಸಿಬಲ್ ನಷ್ಟ. ಅಂಥದೇ ಇನ್ನೊಂದು ಗೋಡೆ ಬಂದರೆ ಉಳಿಯುವುದು ಒಂದು ಕಿಲೋ, ಮೂರನೆಯದು ಬಂದರೆ 100 ಗ್ರಾಂ. ಇಟ್ಟಿಗೆಯ ಸಾಧಾರಣ ಗೋಡೆ 10 ಡೆಸಿಬಲ್ ಒಳಗೇ ಬಿಡಬಹುದು. ಕಬ್ಬಿಣ ಕಟ್ಟಿದ ಕಾಂಕ್ರೀಟ್ 10 ರಿಂದ 20 ತಿನ್ನುತ್ತದೆ. ಬಿಸಿಲು ತಡೆಯಲೆಂದು ಲೋಹದ ತೆಳುಲೇಪ ಬಳಿದ ಗಾಜು ನೋಡಲು ಪಾರದರ್ಶಕ, ಆದರೆ 20 ರಿಂದ 30 ಡೆಸಿಬಲ್ ನುಂಗಬಲ್ಲದು. ಕಣ್ಣಿಗೆ ಬೆಳಕು ಬರುವ ಕಿಟಕಿ ಫೋನಿಗೆ ಗೋಡೆಗಿಂತ ಗಟ್ಟಿ.

ಕಳೆದ ಮಳೆಗಾಲ ಆಳಂದ ತಾಲ್ಲೂಕಿನ ಬಂಧುಗಳ ಮಾಳಿಗೆ ಮನೆಯಲ್ಲಿ ಫೋನ್ ಹಿಡಿದು ಅಳೆಯುತ್ತ ನಡೆದೆ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ತೊಲೆಯ ಮೇಲೆ ಮಣ್ಣು ಹೊದಿಸಿದ ಚಾವಣಿ. ಮಾಳಿಗೆ ಮೇಲೆ ನಿಂತಾಗ ಫೋನು ಮೈನಸ್ 82 ತೋರಿಸಿತು. ಪಡಸಾಲೆಯಲ್ಲಿ ಮೈನಸ್ 101. ದೇವರ ಮನೆಯಲ್ಲಿ ಮೈನಸ್ 117. ಈ ಅಂಕಿ ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಸೋತಿದೆ ಎಂದರ್ಥ. ಮಾಳಿಗೆಗೂ ದೇವರ ಮನೆಗೂ 35 ಡೆಸಿಬಲ್ ಅಂತರ, ಅಂದರೆ ಮೇಲೆ ಇದ್ದುದರ ಮೂರು ಸಾವಿರದಲ್ಲಿ ಒಂದು ಪಾಲು ಕೂಡ ಕೆಳಗೆ ಇಳಿದಿಲ್ಲ. ಮಣ್ಣು ನೆನೆದಿತ್ತು, ಅದೂ ಒಂದು ಕಾರಣ. ಒದ್ದೆ ಗೋಡೆ ಒಣ ಗೋಡೆಗಿಂತ ಹೆಚ್ಚು ಹೀರುತ್ತದೆ. ‘ಬ್ಯಾಸಗ್ಯಾಗ ಇಷ್ಟು ತ್ರಾಸ ಇರಲ್ಲ’ ಎಂದು ಮನೆಯ ಹಿರಿಯರು ಹೇಳಿದ್ದು ಸರಿಯಾದ ಮಾತೇ.

ತರಂಗದ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 700 ಅಥವಾ 900 ಮೆಗಾಹರ್ಟ್ಸ್ ಅಲೆ ಒಂದು ಅಡಿಗಿಂತ ಉದ್ದ, ಗೋಡೆ ದಾಟುವುದರಲ್ಲಿ, ಮೂಲೆ ಬಳಸಿ ಬರುವುದರಲ್ಲಿ ಗಟ್ಟಿಗ. 5ಜಿಯ 3500 ಮೆಗಾಹರ್ಟ್ಸ್ ಅಲೆ 9 ಸೆಂಟಿಮೀಟರ್ ಕೂಡ ಇಲ್ಲ. ರಾಶಿ ಡೇಟಾ ಹೊರುತ್ತದೆ, ಗೋಡೆ ಎದುರಾದರೆ ಬೇಗ ಸೋಲುತ್ತದೆ. ಅಂಗಳದಲ್ಲಿ 5ಜಿ ತೋರಿಸಿದ ಫೋನು ಒಳಗೆ 4ಜಿಗೆ ಇಳಿಯುವುದು ಇದರಿಂದಲೇ.

ಆಸ್ಪತ್ರೆಯ ವಿಷಯದಲ್ಲಿ ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಸೋದರತ್ತೆಗೆ ಶಸ್ತ್ರಚಿಕಿತ್ಸೆಯಾದಾಗ ನಾನು ನಾಲ್ಕು ದಿನ ಇಂಥದೇ ಕೆಳಮಹಡಿಯ ಬೆಂಚಿನ ಮೇಲಿದ್ದೆ. ರಕ್ತ ಸಿಕ್ಕಿದೆ, ಬಂದು ಒಯ್ಯಿರಿ ಎಂಬ ಕರೆ ನನ್ನ ಫೋನಿಗೆ ಮುಟ್ಟಲೇ ಇಲ್ಲ. ಚಹಾ ಕುಡಿಯಲು ಮೇಲೆ ಹತ್ತಿದಾಗ ಐದು ಮಿಸ್ಡ್ ಕಾಲ್ ಸಂದೇಶ ಒಟ್ಟಿಗೆ ಬಂದವು, ಅಷ್ಟರಲ್ಲಿ ಒಂದು ತಾಸು ಕಳೆದಿತ್ತು. ಅಲ್ಲಿ ಇನ್ನೊಂದನ್ನು ಗಮನಿಸಿದೆ. ಗೋಡೆಯಲ್ಲಿದ್ದ ಒಂದೇ ಚಾರ್ಜಿಂಗ್ ಪಾಯಿಂಟಿನ ಸುತ್ತ ಸದಾ ಏಳೆಂಟು ಜನ ನಿಂತಿರುತ್ತಿದ್ದರು. ಸಿಗ್ನಲ್ ಸೋತ ಜಾಗದಲ್ಲಿ ಫೋನು ತನ್ನ ಪೂರ್ತಿ ಬಲ ಹಾಕಿ ಟವರನ್ನು ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಊರಿಂದ ನಲವತ್ತು ಅರವತ್ತು ಕಿಲೋಮೀಟರ್ ಬಂದವರಿಗೆ ಆ ಫೋನೇ ಮನೆ, ಅದೇ ಗಂಟು, ಅದೇ ದಾರಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಾಳಿಗೆ ಮನೆ ಕಟ್ಟಿದ ನಮ್ಮ ಹಿರಿಯರು ಕತ್ತಲೆಯನ್ನು ಹೇಗೆ ಗೆದ್ದರು ನೆನಪಿಸಿಕೊಳ್ಳಿ. ಬಾಗಿಲಲ್ಲಿ ಒಂದು ದೊಡ್ಡ ದೀಪ ಹಚ್ಚಿ ಒಳಗೆಲ್ಲ ಬೆಳಕಾಗಲಿ ಎನ್ನಲಿಲ್ಲ. ಅಡುಗೆ ಮನೆಗೊಂದು, ಪಡಸಾಲೆಗೊಂದು ಬೆಳಕಿಂಡಿ ಬಿಟ್ಟರು. ನೀವು ಕೇಳಿದ ಸಣ್ಣ ಆಂಟೆನಾಗಳ ಜಾಲಕ್ಕೆ ಹಂಚಿದ ಆಂಟೆನಾ ವ್ಯವಸ್ಥೆ ಎನ್ನುತ್ತಾರೆ, ಅದರ ತತ್ವವೂ ಇದೇ. ಹೊರಗಿನ ಟವರಿನ ಬಲದಿಂದ ಗೋಡೆ ಒಡೆಯಲು ಹೋಗದೆ, ಟವರ್ ಮಾಡುವ ಕೆಲಸವನ್ನೇ ಚೂರು ಚೂರು ಮಾಡಿ ಪ್ರತಿ ಮಹಡಿಯ, ಪ್ರತಿ ಓಣಿಯ ಚಾವಣಿಗೆ ತಂದು ಇಡುವುದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಮೂವರು ಎಂಜಿನಿಯರುಗಳು 1987ರಲ್ಲೇ ಈ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು, ಆಗ ನಮ್ಮ ಹಳ್ಳಿಗಳಲ್ಲಿ ತಂತಿಯ ಫೋನೂ ಅಪರೂಪ.

ಕಟ್ಟಡದ ಒಂದು ಕೋಣೆಯಲ್ಲಿ ಫೋನ್ ಕಂಪನಿಯ ಯಂತ್ರ ಇರುತ್ತದೆ, ಟವರ್ ಬುಡದಲ್ಲಿ ಇರುವಂಥದೇ. ಅದಕ್ಕೆ ತನ್ನದೇ ಫೈಬರ್ ಸಂಪರ್ಕ. ಅಲ್ಲಿಂದ ಹೆಬ್ಬೆರಳ ಗಾತ್ರದ ಕಪ್ಪು ಕೇಬಲ್ ಹೊರಟು ಮಹಡಿಯಿಂದ ಮಹಡಿಗೆ ಏರುತ್ತದೆ. ದಾರಿಯಲ್ಲಿ ಅಂಗೈಯಗಲದ ಲೋಹದ ಡಬ್ಬಿಗಳು ಅದನ್ನು ಕವಲಾಗಿಸುತ್ತವೆ. ಕೊನೆಗೆ ಪಿಒಪಿ ಚಾವಣಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಬಿಳಿ ಪ್ಲಾಸ್ಟಿಕ್ ಗುಬ್ಬಿ ಕಾಣುತ್ತದೆ, ಅದೇ ಆಂಟೆನಾ. ಹೊಗೆ ಪತ್ತೆ ಮಾಡುವ ಸಾಧನವೆಂದು ಎಷ್ಟೋ ಜನ ಅದನ್ನು ತಪ್ಪು ತಿಳಿಯುತ್ತಾರೆ. ಅದು ಕೂಗುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತದೆ ಕೂಡ. ನಿಮ್ಮ ಫೋನಿನ ಸಣ್ಣ ದನಿ ಈಗ ಹತ್ತು ಮೀಟರ್ ಹೋದರೆ ಸಾಕು, ಅಲ್ಲಿಂದಾಚೆ ಕೇಬಲ್ ಹಿಡಿದು ಬಂದ ದಾರಿಯಲ್ಲೇ ಹಿಂತಿರುಗುತ್ತದೆ.

ಆ ಲೋಹದ ಡಬ್ಬಿಗಳ ಹಂಚಿಕೆಯಲ್ಲಿದೆ ನಿಜವಾದ ಕುಶಲತೆ. ಆಳಂದದ ಕೋರಳ್ಳಿಯ ಅಮರ್ಜಾ ಅಣೆಕಟ್ಟೆಯ ಕಾಲುವೆ ಇರಲಿ, ಇನ್ಯಾವುದೇ ಕಾಲುವೆ ಇರಲಿ, ಮೇಲಿನ ತೂಬು ದೊಡ್ಡದಾದರೆ ಕೊನೆಯ ಹೊಲಕ್ಕೆ ನೀರಿಲ್ಲ ಎಂಬುದು ರೈತನಿಗೆ ಗೊತ್ತು. ಇಲ್ಲಿಯೂ ಹಾಗೇ. ಯಂತ್ರಕ್ಕೆ ಹತ್ತಿರದ ಆಂಟೆನಾಕ್ಕೆ ಹತ್ತರಲ್ಲಿ ಒಂದು ಪಾಲನ್ನೋ ಅದಕ್ಕಿಂತ ಕಡಿಮೆಯನ್ನೋ ಕೊಟ್ಟು ಉಳಿದದ್ದನ್ನು ಮುಂದೆ ಬಿಡುವ ಡಬ್ಬಿ, ತುದಿಗೆ ಬಂದಾಗ ಅರ್ಧಕ್ಕರ್ಧ ಹಂಚುವ ಡಬ್ಬಿ. ಹೀಗೆ ಲೆಕ್ಕ ಹಾಕಿ ಕೂರಿಸಿದರೆ ಮೊದಲ ವಾರ್ಡಿಗೂ ಕೊನೆಯ ವಾರ್ಡಿಗೂ ಒಂದೇ ಸಮ ಸಿಗುತ್ತದೆ. ಲೆಕ್ಕ ತಪ್ಪಿದ ಕಟ್ಟಡದಲ್ಲಿ ಕಾಲುವೆಯ ಕಥೆಯೇ ಚಾವಣಿಯೊಳಗೂ ನಡೆಯುತ್ತದೆ.

ಕೇಬಲ್ ಕೂಡ ಸೋರುತ್ತದೆ. ಅರ್ಧ ಇಂಚಿನ ತಾಮ್ರದ ಕೇಬಲ್‌ನಲ್ಲಿ 900 ಮೆಗಾಹರ್ಟ್ಸ್ ಸಿಗ್ನಲ್ 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 7 ಡೆಸಿಬಲ್, ಅಂದರೆ ಐದರಲ್ಲಿ ನಾಲ್ಕು ಪಾಲು ಕಳೆದಿರುತ್ತದೆ. ಅದಕ್ಕೇ ದೊಡ್ಡ ಆವರಣಗಳಲ್ಲಿ ಸಿಗ್ನಲನ್ನು ಬೆಳಕಾಗಿ ಮಾರ್ಪಡಿಸಿ ಗಾಜಿನ ಎಳೆಯಲ್ಲಿ ಕಳಿಸುತ್ತಾರೆ. ಒಂದು ಕಿಲೋಮೀಟರ್ ಹೋದರೂ ನೂರಕ್ಕೆ ಹತ್ತು ಪಾಲು ಕೂಡ ನಷ್ಟವಿಲ್ಲ. ಆಯಾ ಮಹಡಿಯಲ್ಲಿ ಅದನ್ನು ಮತ್ತೆ ರೇಡಿಯೊ ಅಲೆಯಾಗಿಸುವ ಪೆಟ್ಟಿಗೆ ಇರುತ್ತದೆ. ಖರ್ಚು ಜಾಸ್ತಿ, ಕರೆಂಟೂ ಬೇಕು.

ಬೆಂಗಳೂರಿನಲ್ಲಿ 2016ರ ಏಪ್ರಿಲ್ ಕೊನೆಗೆ ಕಬ್ಬನ್ ಪಾರ್ಕ್‌ನಿಂದ ಸಿಟಿ ರೈಲು ನಿಲ್ದಾಣದ ಕಡೆಗೆ ನಮ್ಮ ಮೆಟ್ರೊದ ಸುರಂಗ ಮಾರ್ಗ ತೆರೆಯಿತು, ದಕ್ಷಿಣ ಭಾರತದಲ್ಲೇ ಮೊದಲನೆಯದು. ನೆಲದಡಿಯ ಆ ನಿಲ್ದಾಣಗಳಲ್ಲಿ ಫೋನು ಕೆಲಸ ಮಾಡುತ್ತದೆಂದರೆ ಅದು ಮೇಲಿನ ಟವರಿನಿಂದಲ್ಲ, ಕೆಳಗೇ ಕೂರಿಸಿದ ಆಂಟೆನಾಗಳಿಂದ. ಉದ್ದನೆಯ ಸುರಂಗಗಳಿಗೆ ಲೋಕದ ಎಲ್ಲ ಕಡೆ ಇನ್ನೊಂದು ಉಪಾಯ ಬಳಕೆಯಲ್ಲಿದೆ. ಹೊರಗಿನ ತಾಮ್ರದ ಹೊದಿಕೆಯಲ್ಲಿ ಅಲ್ಲಲ್ಲಿ ಸೀಳು ಬಿಟ್ಟ ಕೇಬಲನ್ನು ಗೋಡೆಗುಂಟ ಎಳೆಯುತ್ತಾರೆ. ಹನಿ ನೀರಾವರಿಯ ಪೈಪಿನಂತೆ ಅದು ಉದ್ದಕ್ಕೂ ಸಿಗ್ನಲ್ ಜಿನುಗಿಸುತ್ತ ಹೋಗುತ್ತದೆ. ಗಣಿಗಳಲ್ಲಿ ಈ ಪದ್ಧತಿ ಮೊಬೈಲ್ ಫೋನಿಗಿಂತ ಹಳೆಯದು.

ಚಾವಣಿಯ ತುಂಬ ಆಂಟೆನಾ ಇದ್ದರೆ ರೋಗಿಗಳಿಗೆ ಕೆಡುಕಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಬಹಳ ಜನ ಕೇಳುತ್ತಾರೆ. ಲೆಕ್ಕ ನೋಡಿ. 20 ವಾಟ್ ಬಲವನ್ನು 60 ಆಂಟೆನಾಗಳಿಗೆ ಹಂಚಿ, ಕೇಬಲ್‌ನಲ್ಲಿ ಕಳೆದದ್ದನ್ನೂ ತೆಗೆದರೆ ಒಂದೊಂದಕ್ಕೆ ಉಳಿಯುವುದು 50 ಮಿಲಿವಾಟ್ ಆಸುಪಾಸು. ಕಿವಿಗೆ ಹಿಡಿದ ಫೋನು ಸಿಗ್ನಲ್ ಇಲ್ಲದಾಗ ಹೊಮ್ಮಿಸುವುದು 200 ಮಿಲಿವಾಟ್. ಆಂಟೆನಾ ಹತ್ತಿರ ಬಂದಾಗ ಫೋನು ತಾನಾಗಿ ದನಿ ತಗ್ಗಿಸುತ್ತದೆ. ಆಂಟೆನಾ ಇರುವ ಕಟ್ಟಡದಲ್ಲೇ ನಿಮ್ಮ ತಲೆಗೆ ತಾಗುವ ಅಲೆ ಕಡಿಮೆ.

ಹಾಗಾದರೆ ಎಲ್ಲ ಕಡೆ ಯಾಕಿಲ್ಲ? ಕಟ್ಟುವಾಗ ಯಾರೂ ನೆನೆಯುವುದಿಲ್ಲ, ಅದೇ ಕಾರಣ. ನೀರಿನ ಪೈಪಿಗೆ, ವಿದ್ಯುತ್ ತಂತಿಗೆ ನಕ್ಷೆಯಲ್ಲಿ ಜಾಗ ಇರುತ್ತದೆ, ಫೋನಿನ ಕೇಬಲ್ಲಿಗೆ ಇರುವುದಿಲ್ಲ. ಗಿಲಾವು ಆಗಿ ಬಣ್ಣ ಬಳಿದ ಮೇಲೆ ಗೋಡೆ ಕೊರೆಯುವುದು, ವಾರ್ಡಿನಲ್ಲಿ ರೋಗಿಗಳಿದ್ದಾಗ ಚಾವಣಿ ಬಿಚ್ಚುವುದು ಎಷ್ಟು ಕಷ್ಟವೆಂದು ಹೇಳಬೇಕಿಲ್ಲ. ಒಂದೊಂದು ಕಂಪನಿ ಬೇರೆ ಬೇರೆ ಕೇಬಲ್ ಎಳೆಯಲು ಹೊರಟರೆ ಇನ್ನೂ ಕಷ್ಟ. ಜಿಯೊ, ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ನಾಲ್ಕೂ ಒಂದೇ ಜಾಲವನ್ನು ಹಂಚಿಕೊಳ್ಳುವಂತೆ ಮಾಡುವುದೇ ಜಾಣತನ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಜನವರಿಯಲ್ಲೇ ಕಟ್ಟಡದೊಳಗಿನ ಮೂಲಸೌಕರ್ಯ ಹಂಚಿಕೆಯ ಬಗ್ಗೆ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಗುಣಮಟ್ಟ ನೋಡಿ ತಾರೆ ಕೊಡುವ ನಿಯಮಾವಳಿಯನ್ನೂ ಹೊರಡಿಸಿತು.

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ದೊಡ್ಡ ಕಟ್ಟಡಗಳು ಏಳುತ್ತಲೇ ಇವೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅಫಜಲಪುರದ ಹಾವಳಗಾ, ಆಳಂದದ ಭೂಸನೂರಿನ ಸಕ್ಕರೆ ಕಾರ್ಖಾನೆಗಳಂಥ ಕಡೆ ಪತ್ರಾಸಿನ ದೊಡ್ಡ ಶೆಡ್ಡುಗಳು, ಯಂತ್ರಗಳು. ಲೋಹದ ತಗಡು ಅಲೆಯನ್ನು ಹೀರುವುದೂ ಇಲ್ಲ, ಹೊಡೆದು ವಾಪಸು ಕಳಿಸುತ್ತದೆ. ಇನ್ನು ಮುಂದೆ ಸರ್ಕಾರಿ ಆಸ್ಪತ್ರೆಯೋ ತಾಲ್ಲೂಕು ಸೌಧವೋ ಕಟ್ಟುವಾಗ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಪ್ರತಿ ಮಹಡಿಗೆ ಕೇಬಲ್ ಹೋಗುವ ಖಾಲಿ ಪೈಪು, ಯಂತ್ರಕ್ಕೊಂದು ಗಾಳಿಯಾಡುವ ಕೋಣೆ, ಅದಕ್ಕೆ ಜನರೇಟರಿನ ಕರೆಂಟು. ಆಂಟೆನಾ ನಾಳೆ ಬಂದೀತು, ದಾರಿ ಇವತ್ತೇ ಇರಬೇಕು. 5ಜಿಗೆಂದು ಹಳೆಯ ಕೇಬಲ್ ಬದಲಿಸಬೇಕಾಗಿ ಬಂದಾಗಲೂ ಆ ಖಾಲಿ ಪೈಪೇ ಉಳಿಸುವುದು. 3500 ಮೆಗಾಹರ್ಟ್ಸ್ ದಾಟಿಸಲಾಗದ ಹಳೆಯ ಡಬ್ಬಿಗಳು ಬೇಕಾದಷ್ಟು ಕಟ್ಟಡಗಳಲ್ಲಿವೆ.

ಅಫಜಲಪುರದ ಅಕ್ಕನ ಮನೆಗೆ ಬೂಸ್ಟರ್ ಮಾತ್ರ ತರಬೇಡಿ. ಪರವಾನಗಿ ಇಲ್ಲದೆ ಅಂಥ ರೇಡಿಯೊ ಯಂತ್ರ ಇಟ್ಟುಕೊಳ್ಳುವುದು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಅಪರಾಧ, 2023ರ ದೂರಸಂಪರ್ಕ ಕಾಯ್ದೆಯಲ್ಲೂ ಅಪರಾಧ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅಗ್ಗದ ಬೂಸ್ಟರ್ ತನ್ನ ಸದ್ದನ್ನೇ ತಾನು ಕೇಳಿ ಅದನ್ನೇ ಹೆಚ್ಚಿಸುತ್ತ ಹೋಗುತ್ತದೆ, ಮೈಕು ಸ್ಪೀಕರಿನ ಎದುರು ಬಂದಾಗ ಕಿರುಚುತ್ತದಲ್ಲ, ಹಾಗೆ. ಆ ಕಿರುಚಾಟ ಟವರಿನ ಕಿವಿ ತುಂಬಿ, ಓಣಿಯ ಉಳಿದೆಲ್ಲರ ಫೋನಿನ ಸಣ್ಣ ದನಿ ಅದರಲ್ಲಿ ಮುಳುಗುತ್ತದೆ. ಅಕ್ಕನ ಮನೆಗೆ ಬಂದ ಸಿಗ್ನಲ್ ಎದುರುಮನೆಯ ಬಾಣಂತಿಗೆ 108 ಹತ್ತದಂತೆ ಮಾಡಬಹುದು.

ಅದರ ಬದಲು ಫೈಬರ್ ಇಂಟರ್ನೆಟ್ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಅವರ ಫೋನು ಮತ್ತು ಕಂಪನಿ ಎರಡೂ ಆ ಸೌಲಭ್ಯ ಕೊಡುವಂತಿದ್ದರೆ, ಮಾತು ಟವರಿನ ಬದಲು ವೈಫೈ ಹಿಡಿದು ಹೋಗುತ್ತದೆ. ಕಲ್ಲಿನ ಮನೆಯಾದರೆ ರೌಟರ್ ಪಡಸಾಲೆಯಲ್ಲಿಟ್ಟು ಹಿತ್ತಿಲ ಕೋಣೆಗೆ ಬೆಳಕಾಗಲಿ ಎನ್ನಬೇಡಿ. ಗೋಡೆಯಲ್ಲೊಂದು ತೂತು ಕೊರೆಸಿ, ತಂತಿ ಎಳೆದು, ಒಳಕೋಣೆಯಲ್ಲಿ ಎರಡನೆಯ ರೌಟರ್ ಇಡಿಸಿ. ಅದೂ ಒಂದು ಬೆಳಕಿಂಡಿಯೇ.

ಆಸ್ಪತ್ರೆಗೆ ಅರ್ಜಿ ಬರೆಯುವುದಿದ್ದರೆ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆಯಬೇಡಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ತೆರೆದರೆ ನಾನು ಹೇಳಿದ ಮೈನಸ್ ಅಂಕಿ ಕಾಣುತ್ತದೆ. ಮೈನಸ್ 100ರ ತನಕ ಚಿಂತೆಯಿಲ್ಲ, 110 ದಾಟಿದರೆ ಮಾತು ಒಡೆಯುತ್ತದೆ. ಔಷಧಿ ಕೌಂಟರ್, ಸ್ಕ್ಯಾನಿಂಗ್ ಎದುರಿನ ಬೆಂಚು, ಐಸಿಯು ಹೊರಗಿನ ಓಣಿ, ಲಿಫ್ಟಿನ ಬಾಗಿಲು, ಹೀಗೆ ಜಾಗದ ಹೆಸರು, ಕಂಪನಿಯ ಹೆಸರು, ಅಂಕಿ ಬರೆದು ಆಸ್ಪತ್ರೆಯ ಮುಖ್ಯಸ್ಥರಿಗೊಂದು, ಫೋನ್ ಕಂಪನಿಗೊಂದು ಪ್ರತಿ ಕೊಡಿ. ಎಂಆರ್‌ಐ ಕೋಣೆಯನ್ನು ಮಾತ್ರ ಪಟ್ಟಿಯಿಂದ ಬಿಡಿ. ಹೊರಗಿನ ಅಲೆ ಒಂದೂ ಒಳಗೆ ಬರಬಾರದೆಂದೇ ಅದರ ಗೋಡೆ, ಚಾವಣಿ, ನೆಲಕ್ಕೆಲ್ಲ ತಾಮ್ರದಂಥ ಲೋಹದ ಹೊದಿಕೆ ಹಾಕಿರುತ್ತಾರೆ. ಅಲ್ಲಿಗೆ ಅವ್ವನ ಜೊತೆ ಹೋಗುವಾಗ ಫೋನನ್ನು ಹೊರಗೆ ಯಾರ ಕೈಗಾದರೂ ಕೊಟ್ಟು ಹೋಗಿ.