ಭೂಗರ್ಭದ ಶಾಖವೂ ವಿದ್ಯುಚ್ಛಕ್ತಿಯೂ

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದುದರಿಂದ ನವನಗರವು ತಲೆಯೆತ್ತಿತು. ಮುಖ್ಯವಾಗಿ ನೀರಾವರಿಗೆಂದು ಕಟ್ಟಿದ ಆ ಅಣೆಕಟ್ಟೆಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಊರು ಮುಳುಗಿಸದೆ, ಕಲ್ಲಿದ್ದಲು ಉರಿಸದೆ, ಕಾಲಡಿಯ ನೆಲದ ಶಾಖದಿಂದಲೇ ವಿದ್ಯುತ್ತನ್ನು ಪಡೆಯಲಾಗದೆ ಎಂಬ ಪ್ರಶ್ನೆ ಇಲ್ಲಿಯ ವಿದ್ಯಾರ್ಥಿಗಳಿಗೆ ಹೊಳೆಯುವುದು ಸಹಜ. ಅದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಹುಡುಕೋಣ.

ಭೂಮಿಯು ರೂಪುಗೊಂಡಾಗಿನ ಶಾಖವು ಅದರ ಒಡಲಲ್ಲಿ ಇನ್ನೂ ಉಳಿದಿದೆ. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ ಮುಂತಾದ ವಿಕಿರಣ ಧಾತುಗಳು ಹೊಸ ಶಾಖವನ್ನು ಕೂಡಿಸುತ್ತಲೇ ಇವೆ. ಆದುದರಿಂದ ಆಳಕ್ಕಿಳಿದಂತೆ ಉಷ್ಣತೆಯು ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಂಟಿಗ್ರೇಡಿನಷ್ಟು ಏರುತ್ತದೆ. ಕಾದ ಬಂಡೆ, ಅದರಲ್ಲಿ ಬಿರುಕು, ಬಿರುಕಿನಲ್ಲಿ ನೀರು—ಈ ಮೂರೂ ಮೇಲ್ಮೈಗೆ ಸಮೀಪದಲ್ಲಿ ಕೂಡಿದ ಕಡೆ ಕೊಳವೆಯಿಳಿಸಿ ಉಗಿಯನ್ನು ತಂದು ಟರ್ಬೈನನ್ನು ತಿರುಗಿಸಬಹುದು. ಇಟಲಿಯ ಲಾರ್ದೆರೆಲ್ಲೋದಲ್ಲಿ 1904ರಲ್ಲಿ ಇಂತಹ ಉಗಿಯಿಂದ ಐದು ದೀಪಗಳನ್ನು ಬೆಳಗಿಸಿದರು. 1913ರಲ್ಲಿ ಅಲ್ಲಿಯೇ 250 ಕಿಲೋವಾಟಿನ ಸ್ಥಾವರವು ಕೆಲಸಕ್ಕೆ ತೊಡಗಿತು.

ಇನ್ನು ನಮ್ಮ ನಾಡನ್ನು ನೋಡೋಣ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 3.2 ಕಿಲೋಮೀಟರ್ ಆಳದ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ನೆಲದ ಮೇಲ್ಭಾಗದ್ದು 27 ಡಿಗ್ರಿಯೆಂದು ಹಿಡಿದರೆ, ಏರಿಕೆಯು ಕಿಲೋಮೀಟರಿಗೆ 12 ಡಿಗ್ರಿ ಮಾತ್ರ. ಇಳಕಲ್ಲಿನ ಕೆಂಪು ಗ್ರಾನೈಟೂ ಅದೇ ಪುರಾತನ ಭೂಭಾಗಕ್ಕೆ ಸೇರಿದ್ದು; ಅದರ ವಯಸ್ಸು ಇನ್ನೂರು ಕೋಟಿ ವರ್ಷಗಳಿಗೂ ಮಿಗಿಲು. ಇಂತಹ ನೆಲವು ಬಹುಕಾಲದ ಹಿಂದೆಯೇ ತಣಿದುಬಿಟ್ಟಿದೆ.

65 ಡಿಗ್ರಿಯ ಶಾಖವು ಸಾಲದೆ? ಕಾರ್ನೋ ನಿಯಮದಂತೆ, 338 ಕೆಲ್ವಿನ್‌ನಿಂದ 300 ಕೆಲ್ವಿನ್‌ಗೆ ಹರಿಯುವ ಶಾಖದಲ್ಲಿ ಕೆಲಸವಾಗಿ ಮಾರ್ಪಡಬಲ್ಲ ಭಾಗವು ಹೆಚ್ಚೆಂದರೆ 38/338, ಎಂದರೆ ನೂರಕ್ಕೆ 11. ನಿಜವಾದ ಯಂತ್ರದಲ್ಲಿ ಇನ್ನೂ ಕಡಿಮೆ. 180 ಡಿಗ್ರಿ ದೊರೆತರೆ ಈ ಮಿತಿಯು ನೂರಕ್ಕೆ 34ಕ್ಕೆ ಏರುವುದು. ಆದರೆ ಕೋಲಾರದ ದರದಲ್ಲಿ ಅದಕ್ಕೆ ಸುಮಾರು 13 ಕಿಲೋಮೀಟರ್ ಕೊರೆಯಬೇಕು. ರಷ್ಯದ ಕೋಲಾದಲ್ಲಿ ಕೊರೆದ ಪ್ರಸಿದ್ಧ ರಂಧ್ರದ ಆಳವೇ 12,262 ಮೀಟರ್! ಪುತ್ತೂರಿನ ಬಳಿಯ ಬೆಂದ್ರುತೀರ್ಥದ ಬಿಸಿನೀರು ಸ್ನಾನಕ್ಕೆ ಹಿತ, ಟರ್ಬೈನಿಗಲ್ಲ. ನಮ್ಮ ದೇಶದಲ್ಲಿ ಇಂತಹ ವಿದ್ಯುತ್ತಿನ ಆಶೆಯಿರುವುದು ಲಡಾಖಿನ ಪೂಗಾ ಕಣಿವೆಯಂತಹ ಕಡೆಗಳಲ್ಲಿ.

ಹಾಗೆಂದು ನಮ್ಮ ನೆಲವು ನಿರುಪಯೋಗಿಯಲ್ಲ. ಕೆಲವು ಮೀಟರ್ ಆಳದಲ್ಲಿ ಅದರ ಉಷ್ಣತೆಯು ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಹೊರಗೆ 40 ಡಿಗ್ರಿಯ ಬೇಸಗೆಯಿರುವಾಗ, ನೆಲದಡಿ ಹೂತ ಕೊಳವೆಗಳಲ್ಲಿ ಗಾಳಿಯನ್ನೋ ನೀರನ್ನೋ ಹರಿಸಿ ಮನೆಯನ್ನು ತಂಪುಗೊಳಿಸಬಹುದು. ವಿದ್ಯುತ್ತನ್ನು ಕೊಡಲಾರದ ನೆಲವು ಅದನ್ನು ಉಳಿಸಿಕೊಡಬಲ್ಲುದು. ಉಳಿಸಿದ ವಿದ್ಯುತ್ತಿಗಾಗಿ ಯಾವ ಊರೂ ಮುಳುಗಬೇಕಾಗಿಲ್ಲ.