ಗಾಡಿ ಪೂರ್ತಿ ಬಿಚ್ಚಬೇಡಿ

ಹೊಸ ಪಿಕಪ್ ಕೊಳ್ಳಲು 8 ಲಕ್ಷ ಸಾಲ ಎತ್ತಿದಿರಿ ಅಂದುಕೊಳ್ಳಿ. ಬಡ್ಡಿ ಶೇ 10, ಅವಧಿ ಐದು ವರ್ಷ. ತಿಂಗಳ ಕಂತು ಹತ್ತಿರ ಹತ್ತಿರ 17,000 ರೂಪಾಯಿ. ಸಾಲ ತೀರುವ ಹೊತ್ತಿಗೆ ನೀವು ಕಟ್ಟಿರುವುದು 10 ಲಕ್ಷ 20 ಸಾವಿರ, ಅದರಲ್ಲಿ ಬಡ್ಡಿಯೇ 2 ಲಕ್ಷ 20 ಸಾವಿರ. ದಿನಾ ಬಾಡಿಗೆ ಹೊಡೆಯುವವರಿಗೆ ಈ ಲೆಕ್ಕ ಸರಿಹೋಗುತ್ತದೆ. ತಿಪಟೂರಿನ ಕಡೆ ತೆಂಗಿನ ತೋಟ ಇಟ್ಟುಕೊಂಡಿರುವ ನಮ್ಮಂಥವರಿಗೆ ಸರಿಹೋಗುವುದಿಲ್ಲ. ಕಾಯಿ, ಗೊಬ್ಬರ, ಪೈಪು ಸಾಗಿಸಲು ವಾರದಲ್ಲಿ ಎರಡು ಮೂರು ದಿನ ಗಾಡಿ ಬೇಕು. ಉಳಿದ ದಿನ ಅದು ನಿಂತಿರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಕೊಬ್ಬರಿ ರೇಟು ಇಳಿಯಿತೆಂದು ಬ್ಯಾಂಕು ಕಂತು ಇಳಿಸುವುದೂ ಇಲ್ಲ.

ಅದಕ್ಕೇ ನಾನು 2010ರ ಮಾಡೆಲ್ಲಿನ ಟಾಟಾ 207 ಡಿಐ ಒಂದನ್ನು 1,65,000 ರೂಪಾಯಿಗೆ ಕೊಂಡು ಮನೆಯ ಅಂಗಳದಲ್ಲೇ ಸರಿಮಾಡಿಕೊಂಡೆ. ಸುಮಾರು ಒಂದೂವರೆ ವರ್ಷ ಹಿಡಿಯಿತು. ಗಾಡಿಯ ಮೇಲೆ ಹಾಕಿದ್ದು 2,30,000. ಅಂದರೆ ತಿಂಗಳಿಗೆ 13,000ದ ಒಳಗೆ, ಬಡ್ಡಿಯಿಲ್ಲದ ದುಡ್ಡು. ಈ ಖರ್ಚು ಕೈಮೀರದೆ ಇದ್ದದ್ದು ಒಂದೇ ಒಂದು ಕಟ್ಟುಪಾಡಿನಿಂದ: ಗಾಡಿಯನ್ನು ಯಾವತ್ತೂ ಪೂರ್ತಿ ಬಿಚ್ಚಲಿಲ್ಲ. ಒಂದು ಭಾಗ ಬಿಚ್ಚುವುದು, ಸರಿಮಾಡುವುದು, ಜೋಡಿಸಿ ಗೇಟಿನಾಚೆ ಓಡಿಸಿ ನೋಡುವುದು, ಆಮೇಲಷ್ಟೇ ಮುಂದಿನದಕ್ಕೆ ಕೈಹಾಕುವುದು.

ಎಲ್ಲ ಊರಿನಲ್ಲೂ ಶೆಡ್ಡಿನ ಪಕ್ಕ ಬಿಚ್ಚಿಹಾಕಿದ ಒಂದು ಗಾಡಿ ಇರುತ್ತದೆ. ಎಂಜಿನ್ ಒಂದು ಕಡೆ, ಬಾಗಿಲು ಇನ್ನೊಂದು ಕಡೆ, ನಟ್ಟು ಬೋಲ್ಟು ಎಲ್ಲೋ. ಮಾಲೀಕನಿಗೆ ಆಸೆ ಇರಲಿಲ್ಲವೆಂದಲ್ಲ, ಅರ್ಧದಲ್ಲಿ ದುಡ್ಡು ಮುಗಿಯಿತು. ಪೂರ್ತಿ ಬಿಚ್ಚಿದ ಗಾಡಿಯನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ಯಲಾಗದು, ಮಾರಲಾಗದು, ಅದರಿಂದ ಒಂದು ಮೂಟೆ ಗೊಬ್ಬರವನ್ನೂ ತರಲಾಗದು. ಆಗ ಚಿನ್ನ ಅಡವಿಡುತ್ತಾರೆ, ಕೈಸಾಲ ಮಾಡುತ್ತಾರೆ. ಕೊನೆಗೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗುತ್ತಾನೆ. ಹಂತ ಹಂತವಾಗಿ ಮಾಡಿದರೆ ಈ ಅಪಾಯವಿಲ್ಲ. ದುಡ್ಡು ಮುಗಿದ ತಿಂಗಳು ಕೆಲಸ ನಿಲ್ಲಿಸಿ, ಗಾಡಿ ಓಡಿಸುತ್ತಿರಬಹುದು.

ಯಾವ ಗಾಡಿ ಕೊಳ್ಳಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಊರ ಮೆಕ್ಯಾನಿಕ್‌ಗೆ ಕಣ್ಣುಮುಚ್ಚಿ ಗೊತ್ತಿರುವ ಗಾಡಿ. ಟಾಟಾದವರ ಪಿಕಪ್ 206 ಬಂದದ್ದು 1988ರಲ್ಲಿ. 207 ಅದರ ಮುಂದಿನ ಪೀಳಿಗೆ. 207 ಡಿಐನಲ್ಲಿರುವುದು 497 ಎಂಜಿನ್. ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರ್, 2956 ಸಿಸಿ. ಇದೇ ಕುಟುಂಬದ ಎಂಜಿನ್ 407 ಲಾರಿಗಳಲ್ಲೂ ಇದೆ. ಆದ್ದರಿಂದ ಲೈನರ್, ಪಿಸ್ಟನ್, ರಿಂಗು, ಗ್ಯಾಸ್ಕೆಟ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ಇಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಬೊಲೆರೊ ಪಿಕಪ್‌ಗೂ ಈ ಅನುಕೂಲವಿದೆ. ಬಿಡಿಭಾಗ ಹುಡುಕಿ ಅಲೆಯಬೇಕಾದ ಗಾಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊನೆಗೆ ಕೈ ಕಚ್ಚುತ್ತದೆ. ಸರ್ಕಾರಿ ಹರಾಜಿನಲ್ಲಿ ಹಳೇ ಜೀಪು ಹಿಡಿಯುವ ಹಿಂದಿನ ದಾರಿಯೂ ಈಗಿಲ್ಲ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ, ಅವು ನೇರ ಗುಜರಿಗೇ.

ಕೊಳ್ಳುವಾಗ ಗಾಡಿ ಹಿಂದೆ ಏನು ಹೊತ್ತಿತ್ತು ಎಂದು ಕೇಳಿ. ತರಕಾರಿ, ಅಡಿಕೆ, ಇಟ್ಟಿಗೆ ಹೊತ್ತಿದ್ದರೆ ಪರವಾಗಿಲ್ಲ. ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯಾದರೆ ಬೇಡ. ಐಸು ಕರಗಿದ ಉಪ್ಪುನೀರು ಚಾಸಿಸ್ ಸಂದುಗಳಿಗೆ ಇಳಿದು ಒಳಗಿಂದ ತಿಂದಿರುತ್ತದೆ. ರಸಗೊಬ್ಬರ ಹೊತ್ತದ್ದೂ ಸಂಶಯದ್ದೇ. ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಗಿಲ ಕೆಳಭಾಗ, ಚಕ್ರದ ಮೇಲಿನ ಕಮಾನು, ಕ್ಯಾಬಿನ್ ಅಂಚು, ಎಲ್ಲಿ ಅದು ಕಚ್ಚುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮ್ಯಾಟ್ ಎತ್ತಿ ನೆಲ ನೋಡಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಒಳಗಿಂದ ಬುಸುಬುಸು ಹೊಗೆ ಒತ್ತಿ ಬಂದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಆಗ ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ನಾನು ಕೊಂಡ ಗಾಡಿಯಲ್ಲಿ ಎಂಜಿನ್ ಗಟ್ಟಿಯಿತ್ತು, ತಗಡು ಕೆಟ್ಟಿತ್ತು. ಬಣ್ಣ ಹೋಗಿ ಮೂಲೆಯಲ್ಲಿ ನಿಂತ ಗಾಡಿಗೆ ಬೆಲೆ ಕಡಿಮೆ. ಫಳಫಳ ಹೊಳೆಯುವ ಹಳೇ ಗಾಡಿಗೆ ಬಣ್ಣದ ದುಡ್ಡನ್ನೂ ನೀವೇ ಕೊಡಬೇಕು, ಅದರಡಿ ಏನಿದೆಯೋ ತಿಳಿಯದೆ.

ಕಾಗದವನ್ನು ಅಷ್ಟೇ ಗಟ್ಟಿಯಾಗಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ಉಳಿದಿರುತ್ತದೆ. ಅವರ ಎನ್‌ಒಸಿ ಮತ್ತು ಫಾರ್ಮ್ 35 ಇಲ್ಲದೆ ಅದು ಹೋಗದು. ಫಾರ್ಮ್ 29, 30ಕ್ಕೆ ಮಾರುವವರ ಸಹಿ ಹಾಕಿಸಿ ಬೇಗ ಹೆಸರು ಬದಲಿಸಿಕೊಳ್ಳಿ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆದ್ದರಿಂದ ಇದು ಮಾರುವವರ ಹಿತಕ್ಕೂ ಒಳ್ಳೆಯದು.

ಇನ್ನು ಕೆಲಸದ ಸರದಿ. ದುಡ್ಡು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಬಣ್ಣ ಕೊನೆಗೆ. ಮೊದಲ 28,000 ಚಾಸಿಸ್‌ಗೆ ಹೋಯಿತು. ಹಿಂದಿನ ಬಾಡಿ ಇಳಿಸಿ, ನೀರು ಹೊಡೆದು ಒಣಗಿಸಿ, ತಂತಿ ಬ್ರಷ್ಷಿನಲ್ಲಿ ತುಕ್ಕು ತಿಕ್ಕಿದೆ. ಈ ಕೆಲಸಕ್ಕೆ ಕೌಶಲ ಬೇಡ, ಬೆನ್ನು ಗಟ್ಟಿಯಿರಬೇಕು, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಇರಬೇಕು. ಕೂಲಿ ಉಳಿಯುವುದು ಇಲ್ಲೇ. ಲೀಫ್ ಸ್ಪ್ರಿಂಗ್ ನೇತುಹಾಕುವ ಬ್ರಾಕೆಟ್ಟಿನ ಹತ್ತಿರ ತಗಡು ತೆಳುವಾಗಿತ್ತು. ಅದನ್ನು ವೆಲ್ಡಿಂಗ್ ಶಾಪಿನವರಿಗೆ ಒಪ್ಪಿಸಿದೆ. ಚಾಸಿಸ್ ಬೆಸುಗೆ ಮನೆಯಲ್ಲಿ ಕಲಿಯುವ ಕೆಲಸವಲ್ಲ. ಆ ವೆಲ್ಡರ್ ಒಂದು ಮಾತು ಹೇಳಿದರು: "ಸಾರ್, ತೂತಿನ ಮೇಲೆ ತಗಡು ಹಚ್ಚೋದಲ್ಲ. ತುಕ್ಕು ಹಿಡಿದಿರೋದನ್ನ ಪೂರಾ ಕತ್ತರಿಸಿ ತೆಗೀಬೇಕು. ಇಲ್ಲಾಂದ್ರೆ ಎರಡು ಮಳೆಗಾಲಕ್ಕೆ ಮತ್ತೆ ನನ್ನ ಹತ್ರ ಬರ್ತೀರ." ಕತ್ತರಿಸಿ ಹಾಕಿಸಿದೆ. ಬುಷ್‌ಗಳನ್ನೆಲ್ಲ ಬದಲಿಸಿ, ಎಪಾಕ್ಸಿ ಪ್ರೈಮರ್ ಬಳಿದು, ಚಾಸಿಸ್‌ನಲ್ಲಿ ಕಂಪನಿಯೇ ಬಿಟ್ಟಿರುವ ನೀರು ಇಳಿಯುವ ತೂತುಗಳಿಂದ ಮಣ್ಣು ಕೆದಕಿ ತೆಗೆದೆ. ಆ ತೂತು ಮುಚ್ಚಿದರೆ ಹೊಸ ಬಣ್ಣವೂ ತುಕ್ಕನ್ನು ತಡೆಯದು.

ಗಾಡಿಯಡಿ ಮಲಗುವ ಮುನ್ನ ಒಂದು ಎಚ್ಚರ. ಜಾಕ್ ಒಂದನ್ನೇ ನಂಬಬೇಡಿ, ಸಿಮೆಂಟ್ ಇಟ್ಟಿಗೆಯನ್ನಂತೂ ನಂಬಲೇಬೇಡಿ, ಭಾರಕ್ಕೆ ಅದು ಒಮ್ಮೆಲೇ ಪುಡಿಯಾಗುತ್ತದೆ. ಒಳ್ಳೆಯ ಜಾಕ್ ಸ್ಟ್ಯಾಂಡ್ ಜೋಡಿ ಕೊಳ್ಳಿ. ಈ ಇಡೀ ಲೆಕ್ಕದಲ್ಲಿ ಚೌಕಾಸಿ ಮಾಡಬಾರದ ಖರ್ಚು ಇದೊಂದೇ.

ಬ್ರೇಕಿಗೆ 17,000. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಲೈನರ್, ಹೋಸು ಎಲ್ಲ ಹೊಸದು, ಡ್ರಮ್ಮು ಲೇತಿಗೆ ಕೊಟ್ಟು ಸಮ ಮಾಡಿಸಿದ್ದು. ಐದು ಟೈರಿಗೆ 32,000. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ಪು ಚೆನ್ನಾಗಿದೆಯೆಂದು ಹಳೇ ಟೈರು ಹಾಕಿಸಿಕೊಳ್ಳಬೇಡಿ, ರಬ್ಬರು ಓಡದಿದ್ದರೂ ಗಟ್ಟಿಯಾಗಿ ಸೀಳುತ್ತದೆ. ಎಂಜಿನ್ ಕಡೆ ಕ್ಲಚ್ ಸೆಟ್ಟು, ಪಂಪು ನಾಜಲ್ ಸರ್ವಿಸು, ರೇಡಿಯೇಟರ್ ಎಲ್ಲ ಸೇರಿ 41,000. ವೈರಿಂಗು, ಬ್ಯಾಟರಿ, ಲೈಟಿಗೆ 16,000.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಹಿಂದಿನ ಬಾಡಿ, ಅದಕ್ಕೆ 34,000. ನಮ್ಮ ಕೆಲಸಕ್ಕೆ ತಕ್ಕ ಹಾಗೆ ಮಾಡಿಸಿಕೊಂಡದ್ದು ಅದೊಂದೇ. ನೆಲಕ್ಕೆ ಚೆಕರ್ಡ್ ಪ್ಲೇಟ್, ಹಗ್ಗ ಬಿಗಿಯಲು ಒಳಗೋಡೆಯಲ್ಲಿ ಕೊಕ್ಕೆಗಳು, ಸುಲಿದ ಕಾಯಿ ಉರುಳದ ಹಾಗೆ ನಡುವೆ ಎತ್ತಿ ತೆಗೆಯಬಹುದಾದ ಹಲಗೆ. ಸೀಟಿಗೆ ನಮ್ಮ ಕಡೆಯದೇ ತೆಂಗಿನ ನಾರಿನ ಹಾಸು, ಬೇಸಿಗೆಯಲ್ಲಿ ಬೆನ್ನು ಬೆವರುವುದಿಲ್ಲ. ಇವೆಲ್ಲ ಗಾಡಿಯ ಉದ್ದ, ಅಗಲ, ಎತ್ತರ ಬದಲಿಸದವು. ಬದಲಿಸುವ ಆಸೆ ಇದ್ದವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬೇರೆ ಎಂಜಿನ್ ಕೂರಿಸಲು ಆರ್‌ಟಿಒ ಅನುಮತಿ ಬೇಕು, ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ನಾನು ಮೂಲ ಬಿಳಿ ಬಣ್ಣವನ್ನೇ ಹೊಡೆಸಿದೆ. ಕ್ಯಾಬಿನ್ ಟಿಂಕರಿಂಗ್ ಸೇರಿ 38,000 ಆಯಿತು.

ಉಳಿದ 24,000 ಕಾಗದಕ್ಕೆ: ಎಫ್‌ಸಿ, ತೆರಿಗೆ, ವಿಮೆ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ ಆಗಬೇಕು, ಗಾಡಿಗೆ ವಯಸ್ಸಾದಷ್ಟೂ ಶುಲ್ಕ ಏರುತ್ತದೆ. ಬಿಳಿ ಬೋರ್ಡಿನ ಜೀಪು, ಕಾರು ಇಟ್ಟುಕೊಂಡವರಿಗೂ ಇದು ತಪ್ಪಿದ್ದಲ್ಲ. 15 ವರ್ಷ ದಾಟಿದ ಮೇಲೆ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿತು. ಸಾಮಾನು ಸಾಗಿಸುವ ಗಾಡಿಗೆ ಥರ್ಡ್ ಪಾರ್ಟಿ ವಿಮೆಯೇ ಸುಮಾರು 16,000 ಬೀಳುತ್ತದೆ, ಜಿಎಸ್‌ಟಿ ಬೇರೆ. ಹಳೇ ಗಾಡಿ ಅಗ್ಗ ಅನ್ನುವವರು ಈ ವಾರ್ಷಿಕ ಖರ್ಚನ್ನು ಸೇರಿಸಿ ಹೇಳಬೇಕು.

ವಿಮೆಯಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಐದು ವರ್ಷ ದಾಟಿದ ಗಾಡಿಯ ಐಡಿವಿ, ಅಂದರೆ ವಿಮೆಯಲ್ಲಿ ಒಪ್ಪಿಕೊಳ್ಳುವ ಬೆಲೆ, ಕಂಪನಿ ಮತ್ತು ನಿಮ್ಮ ನಡುವಿನ ಮಾತುಕತೆಯಿಂದ ನಿಗದಿಯಾಗುತ್ತದೆ. ನೀವು ನಾಲ್ಕು ಲಕ್ಷ ಸುರಿದಿದ್ದೀರೆಂದು ಅವರು ನಾಲ್ಕು ಲಕ್ಷ ಬರೆಯುವುದಿಲ್ಲ. ಅಪಘಾತವಾದರೆ ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗೂ ಅಷ್ಟೇ. ನಿನ್ನೆ ಹಾಕಿಸಿದ ಹೊಸ ಬಾನೆಟ್ಟಾದರೂ ಅರ್ಧ ನಿಮ್ಮ ಜೇಬಿನಿಂದಲೇ. ಆದ್ದರಿಂದ ಬಿಲ್ಲುಗಳನ್ನು, ಪ್ರತಿ ಹಂತದ ಫೋಟೋಗಳನ್ನು ಜೋಪಾನವಾಗಿಡಿ. ಐಡಿವಿ ಮಾತುಕತೆಗೆ ಅವೇ ಆಧಾರ. ಬಿಲ್ ಬೇಡವೆಂದರೆ ರೇಟು ಕಡಿಮೆ ಎಂದು ಅಂಗಡಿಯವರು ಹೇಳುತ್ತಾರೆ, ಒಪ್ಪಬೇಡಿ. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ನಕಲಿ ಲೈನರ್ ವಾಪಸು ಕೊಡಲು ಕೈಯಲ್ಲಿ ಬಿಲ್ ಇರಲೇಬೇಕು.

ಒಟ್ಟು 3,95,000 ಹಾಕಿದ ಈ ಗಾಡಿಯನ್ನು ಇವತ್ತು ಮಾರಿದರೆ ಅಷ್ಟು ಹುಟ್ಟುವುದಿಲ್ಲ. ಇದು ಹೂಡಿಕೆಯಲ್ಲ, ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಲಾಭ ಇರುವುದು ಕಟ್ಟದೆ ಉಳಿದ ಬಡ್ಡಿಯಲ್ಲಿ, ಮತ್ತು ಪ್ರತಿ ನಟ್ಟಿನ ಪರಿಚಯ ನಮಗಿರುವುದರಿಂದ ಗ್ಯಾರೇಜಿನಲ್ಲಿ ಬಾಯಿಗೆ ಬಂದ ರೇಟು ಕೊಡಬೇಕಾಗಿ ಬಾರದಿರುವುದರಲ್ಲಿ. ಈಗ ತಿಂಗಳಿಗೆ 3,000 ರೂಪಾಯಿಯನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕುತ್ತಿದ್ದೇನೆ. ಅದು ಗಾಡಿಯ ರಿಪೇರಿಗೇ ಮೀಸಲು. ಹನ್ನೆರಡು ಕಂತು ಕಟ್ಟಿ ವರ್ಷ ತುಂಬಿದ ಮೇಲೆ ಅದರ ಅರ್ಧದಷ್ಟು ಸಾಲವೂ ಸಿಗುತ್ತದೆ. ಗೇರ್‌ಬಾಕ್ಸ್ ಕೈಕೊಟ್ಟ ದಿನ ಯಾರ ಮುಂದೆಯೂ ಕೈಚಾಚಬೇಕಿಲ್ಲ.

ದಿನಕ್ಕೆ ನೂರಿನ್ನೂರು ಕಿಲೋಮೀಟರ್ ಬಾಡಿಗೆ ಓಡಿಸುವವರು ಹೊಸ ಗಾಡಿಯನ್ನೇ ಕೊಳ್ಳಿ. ಗಾಡಿ ಕೆಟ್ಟು ನಿಂತ ಒಂದೊಂದು ದಿನದ ನಷ್ಟ ನಿಮಗೆ ಕಂತಿಗಿಂತ ದೊಡ್ಡದು. ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಸ್ವಂತ ಕೆಲಸ ಇರುವವರು, ಅಂಗಳದಲ್ಲಿ ನೆರಳಿರುವವರು, ಭಾನುವಾರ ಕೈಗೆ ಗ್ರೀಸ್ ಮೆತ್ತಿಕೊಳ್ಳಲು ಬೇಸರವಿಲ್ಲದವರು ಹಳೇ ಪಿಕಪ್ ಕೊಳ್ಳಬಹುದು. ಕೊಂಡರೆ ಮೊದಲ ಆರು ತಿಂಗಳು ಬಣ್ಣದ ಮಾತೇ ಎತ್ತಬೇಡಿ, ಬ್ರೇಕು ಮತ್ತು ಚಾಸಿಸ್ ಮುಗಿಸಿ.